ಗೆಳತಿಯ ಹೆಗಲ ಮೇಲೆ ಹೊಸ ನಕ್ಷತ್ರ, ನಾನಿನ್ನೂ ಒಂದು ಮಾತೂ ಹೇಳಿಲ್ಲ

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಮಕ್ಕಳ ಡಾಕ್ಟರ್. ಎಂಬಿಬಿಎಸ್ ಓದುವಾಗ ಹಾಸ್ಟೆಲ್‌ನಲ್ಲಿ ಒಂದೇ ರೂಮಿನಲ್ಲಿದ್ದ ಗೆಳತಿ, ಹೊಳಲ್ಕೆರೆ ಕಡೆಯವಳು, ಸೈನ್ಯ ಸೇರಿದಳು. ಈಗ ಅಲ್ಲಿ ಅನಸ್ತೇಶಿಯಾ ಡಾಕ್ಟರ್. ಹೊರಡುವಾಗ ನಾನು, 'ಇಲ್ಲಿ ಪೇಷಂಟ್‌ಗಳಿಲ್ವಾ, ಅಲ್ಲಿ ಹೋಗಿ ಏನು ಸಾಧಿಸ್ತೀಯಾ' ಅಂದುಬಿಟ್ಟಿದ್ದೆ. ಆಮೇಲೆ ಮಾತು ಕಡಿಮೆಯಾಯಿತು. 2025ರ ಮೇ ತಿಂಗಳಲ್ಲಿ, ಗಡಿಯಲ್ಲಿ ಶೆಲ್ ಬೀಳುತ್ತಿದ್ದ ದಿನಗಳಲ್ಲೇ, ಅವಳು ಲೆಫ್ಟಿನೆಂಟ್ ಕರ್ನಲ್ ಆದಳು. ಬ್ಯಾಚಿನವರೆಲ್ಲ ಗ್ರೂಪಿನಲ್ಲಿ ಕೇಕು, ಬಾವುಟ ಹಾಕಿದರು. ನಾನು ಟೈಪ್ ಮಾಡಿ ಮಾಡಿ ಅಳಿಸಿದೆ. ಜನ ಸಾಯುತ್ತಿರುವಾಗ ಕಂಗ್ರಾಟ್ಸ್ ಅನ್ನೋದು ಹೇಗೆ? ನಿಜ ಹೇಳಬೇಕೆಂದರೆ ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು. ಈಗ ಹೇಳಿದರೆ ಏನಂದುಕೊಳ್ಳುತ್ತಾಳೋ.

ಉತ್ತರ: ಡಾಕ್ಟರೇ, ಇವತ್ತೇ ಬರೆಯಿರಿ. ತಡವಾಯಿತು ಅಂತ ಇನ್ನಷ್ಟು ತಡ ಮಾಡಬೇಡಿ.

ಲೆಫ್ಟಿನೆಂಟ್ ಕರ್ನಲ್ ಹುದ್ದೆ ಸೇವೆಯ ವರ್ಷಗಳ ಲೆಕ್ಕದಲ್ಲಿ ಬರುವಂಥದ್ದು, ಯುದ್ಧಕ್ಕೆ ಸಿಕ್ಕ ಬಹುಮಾನ ಅಲ್ಲ. ಅವಳ ಸರದಿ ಆ ದಿನಗಳಲ್ಲಿ ಬಂತು, ಅಷ್ಟೇ. ಹೆಗಲ ಮೇಲೆ ಸಿಂಹಲಾಂಛನದ ಜೊತೆ ಒಂದು ನಕ್ಷತ್ರ ಸೇರಿತು. ಸಾಮಾನ್ಯ ದಿನಗಳಲ್ಲಾಗಿದ್ದರೆ ಅದನ್ನು ಹಾಕೋಕೆ ಮನೆಯವರೂ ಪಕ್ಕದಲ್ಲಿ ನಿಂತಿರುತ್ತಿದ್ದರೋ ಏನೋ. ಅಂಥ ಹೊತ್ತಲ್ಲಿ ತನ್ನ ಹಳೇ ರೂಮ್‌ಮೇಟ್ ಒಂದು ಮಾತು ಆಡಿದ್ದರೆ ಅಂತ ಅವಳಿಗೆ ಅನಿಸಿರಲ್ವಾ?

ಸಾವಿನ ನಡುವೆ ಅಭಿನಂದನೆ ಹೇಗೆ ಅಂತ ಕೇಳಿದ್ದೀರಿ. ಈ ಸಂಕೋಚ ನನಗೆ ತುಂಬ ಇಷ್ಟವಾಯಿತು, ಅದನ್ನು ಕಳೆದುಕೊಳ್ಳಬೇಡಿ. ಆದರೆ ಅವಳ ಕೆಲಸ ಏನು ಅಂತ ಯೋಚಿಸಿ. 1949ರ ಜಿನೀವಾ ಒಪ್ಪಂದದ ಪ್ರಕಾರ ಗಾಯಗೊಂಡು ಕೈಗೆ ಸಿಕ್ಕ ಶತ್ರು ಸೈನಿಕನಿಗೂ ತಮ್ಮವರಿಗೆ ಮಾಡಿದ ಹಾಗೇ ಚಿಕಿತ್ಸೆ ಮಾಡಬೇಕು, ಯಾರು ಮೊದಲು ಅನ್ನೋದನ್ನು ಗಾಯ ನೋಡಿ ತೀರ್ಮಾನಿಸಬೇಕು, ಸಮವಸ್ತ್ರ ನೋಡಿ ಅಲ್ಲ. ಅವಳ ಆರ್ಮಿ ಮೆಡಿಕಲ್ ಕೋರ್ ಶುರುವಾಗಿದ್ದೇ ಎರಡನೇ ಮಹಾಯುದ್ಧದ ನಡುವೆ, 1943ರ ಏಪ್ರಿಲ್ 3ರಂದು. ಅದರ ಧ್ಯೇಯವಾಕ್ಯ 'ಸರ್ವೇ ಸಂತು ನಿರಾಮಯಾಃ', ಎಲ್ಲರೂ ರೋಗವಿಲ್ಲದೆ ಇರಲಿ. ಕೊರಿಯಾ ಯುದ್ಧಕ್ಕೆ ಭಾರತ ಕಳಿಸಿದ್ದು 60 ಪ್ಯಾರಾಶೂಟ್ ಫೀಲ್ಡ್ ಆಂಬುಲೆನ್ಸ್ ಅನ್ನೋ ಡಾಕ್ಟರುಗಳ ತಂಡವನ್ನು. ಅದನ್ನು ನಡೆಸಿದ ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್ ಅವರಿಗೆ ಮಹಾವೀರ ಚಕ್ರ ಬಂತು. ನಿಮ್ಮ ಗೆಳತಿಯದೂ ಈಗ ಅದೇ ಹುದ್ದೆ. ನೀವು ಅಭಿನಂದಿಸೋದು ಯುದ್ಧವನ್ನಲ್ಲ, ಆ ಯುದ್ಧದಲ್ಲಿ ಉಸಿರು ನಿಲ್ಲದಂತೆ ನೋಡಿಕೊಳ್ಳುವವಳನ್ನು.

ಹೊಟ್ಟೆಕಿಚ್ಚಿನ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಜೊತೆಗೆ ಓದಿದವರ ನಡುವೆ ಅದು ಇದ್ದದ್ದೇ. ಅವಳಿಗೆ ಹೇಳಲೇಬೇಕಾದದ್ದು ಅಂದು ನೀವಾಡಿದ ಮಾತಿನ ಬಗ್ಗೆ. ಆ ಮುಳ್ಳು ತೆಗೆಯದೆ ಬರೀ ಕಂಗ್ರಾಟ್ಸ್ ಕಳಿಸಿದರೆ ಗ್ರೂಪಿನ ಕೇಕಿನ ಚಿತ್ರಕ್ಕೂ ನಿಮ್ಮ ಮಾತಿಗೂ ಏನು ವ್ಯತ್ಯಾಸ? ಗ್ರೂಪಿನಲ್ಲಂತೂ ಬೇಡ. ಅವಳೊಬ್ಬಳಿಗೇ ಬರೆಯಿರಿ. 'ಆವತ್ತು ಹಾಗಂದಿದ್ದು ತಪ್ಪು ಕಣೇ. ನೀನು ಲೆಫ್ಟಿನೆಂಟ್ ಕರ್ನಲ್ ಆದ ಸುದ್ದಿ ಓದಿ ಹೆಮ್ಮೆಯಾಯ್ತು, ಭಯವೂ ಆಯ್ತು, ಅದಕ್ಕೇ ಬಾಯಿ ಬರಲಿಲ್ಲ. ರಜಕ್ಕೆ ಬಂದಾಗ ಬೆಣ್ಣೆ ದೋಸೆ ತಿನ್ನೋಕೆ ಹೋಗೋಣ.' ಇಷ್ಟು ಸಾಕು. ನಿಮ್ಮ ಮಾತಲ್ಲಿ ಇದಕ್ಕಿಂತ ಚೆನ್ನಾಗಿ ಬರುತ್ತೆ.

ಎಲ್ಲಿದ್ದೀಯಾ, ಏನೇನು ನೋಡಿದೆ ಅಂತ ಮಾತ್ರ ಕೇಳಬೇಡಿ. ಅವಳ ಫೋಟೋ, ಕೆಲಸ ಮಾಡೋ ಜಾಗ ಯಾವುದನ್ನೂ ಸ್ಟೇಟಸ್‌ಗೆ ಹಾಕಬೇಡಿ. ನನ್ನ ಸೋದರಮಾವ ಸೈನ್ಯದಲ್ಲಿದ್ದಾಗ ನಾವು ಬರೆಯುತ್ತಿದ್ದ ಕಾಗದದ ಮೇಲೆ '56 ಎಪಿಒ' ಅಂತ ಸೈನ್ಯದ ಅಂಚೆ ಕಚೇರಿಯ ನಂಬರ್ ಇರುತ್ತಿತ್ತೇ ಹೊರತು ಊರಿನ ಹೆಸರು ಇರುತ್ತಿರಲಿಲ್ಲ. ಅಜ್ಜಿ ಒಂದು ಸಲವೂ ಕೇಳಲಿಲ್ಲ, 'ಹೊತ್ತಿಗೆ ಸರಿಯಾಗಿ ಉಣ್ತೀಯೇನೋ' ಅಂತ ಮಾತ್ರ ಬರೆಸುತ್ತಿದ್ದಳು. ಹೇಳೋದು ಏನಾದರೂ ಇದ್ದರೆ ನಿಮ್ಮ ಗೆಳತಿಯೇ ಹೇಳುತ್ತಾಳೆ, ಆಗ ಸುಮ್ನೆ ಕೂತು ಕೇಳಿ.

ಇನ್ನೊಂದು. ಹೊಳಲ್ಕೆರೆ ದೂರವೇನಲ್ಲ. ಅವಳ ಅಪ್ಪ ಅಮ್ಮ ಅಲ್ಲೇ ಇದ್ದರೆ ಒಂದು ಭಾನುವಾರ ಹೋಗಿ ಬನ್ನಿ. ಆ ಮೇ ತಿಂಗಳಲ್ಲಿ ಟಿವಿ ಮುಂದೆ ಅವರು ಹೇಗೆ ಕೂತಿದ್ದರೋ. ಬಿಪಿ ಮಷೀನ್ ಬ್ಯಾಗಿನಲ್ಲಿರಲಿ, ಅವರಿಬ್ಬರ ಬಿಪಿ ನೋಡಿ. ಅವರೇ ಅವಳಿಗೆ ಫೋನ್ ಮಾಡಿ ನೀವು ಬಂದಿದ್ದೀರಿ ಅಂತ ಹೇಳುತ್ತಾರೆ.