ಹಳೆ ಲ್ಯಾಪ್‌ಟಾಪ್ ಗುಜರಿಗೆ ಕೊಡಬೇಡಿ ಅಕ್ಕಾ, ಮೊದಲು ಡಿಸ್ಕ್ ನೋಡಿ

ಅಕ್ಕಾ, ನಿಮ್ಮ ಪ್ರಶ್ನೆ ನಿನ್ನೆಯೇ ನೋಡಿದ್ದೆ. ಅಂಗಳದಲ್ಲಿ ಅಡಿಕೆ ಹರಡಿತ್ತು, ಮೋಡ ಕವಿಯಿತು, ಒಳಗೆ ತರುವ ಗಡಿಬಿಡಿಯಲ್ಲಿ ಬರೆಯಲು ಆಗಲಿಲ್ಲ.

2013ರ ಲ್ಯಾಪ್‌ಟಾಪ್, ಆನ್ ಆಗಲು ಹತ್ತು ನಿಮಿಷ, ಪ್ರತಿ ಸಲ ತಾರೀಕು ತಪ್ಪು, ಚಾರ್ಜಿಗೆ ಹಾಕಿ ಮುಟ್ಟಿದರೆ ಕೈ ಜುಮ್ ಅನ್ನುತ್ತದೆ, ಮೇಲಿಂದ ವಿಂಡೋಸ್ 10ಕ್ಕೆ ಸಪೋರ್ಟ್ ಮುಗಿಯಿತು ಅಂತ ಬರುತ್ತದೆ, ಗುಜರಿಗೆ ಕೊಡಲಾ ಅಂತ ಕೇಳಿದ್ದೀರಿ. ಇಬ್ಬರು ಆಗಲೇ ಹೊಸದು ತಗೊಳ್ಳಿ ಅಂದಿದ್ದಾರೆ. ತೋಟದ ಲೆಕ್ಕ, ಮಗಳ ಪಾಠ, ಕನ್ನಡದಲ್ಲಿ ಒಂದೆರಡು ಅರ್ಜಿ. ಇಷ್ಟಕ್ಕೆ ಹೊಸದು ಎಂತಕ್ಕೆ ಮಾರಾಯ್ರೆ? ನಿಮ್ಮದು ನಾಲ್ಕು ಬೇರೆ ಬೇರೆ ತೊಂದರೆ. ಅದರಲ್ಲಿ ಒಂದಂತೂ ನಿಮ್ಮ ಮನೆಯ ವಯರಿಂಗಿನದ್ದು ಅಂತ ನನ್ನ ಗುಮಾನಿ.

ಎಂತ ಮಾಡುವುದಿದ್ದರೂ ಮೊದಲು ಲೆಕ್ಕದ ಫೈಲು, ಫೋಟೊ ಎಲ್ಲ ಪೆನ್‌ಡ್ರೈವಿಗೆ ಕಾಪಿ ಮಾಡಿ. ಇವತ್ತೇ ಮಾಡಿ. ನಿಧಾನ ಆದ ಹಾರ್ಡ್ ಡಿಸ್ಕ್ ಯಾವಾಗ ಕೈ ಕೊಡುತ್ತದೆ ಅಂತ ಹೇಳಲು ಬರುವುದಿಲ್ಲ. ಆಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅಂತ ಒಂದು ಪುಕ್ಕಟೆ ಸಾಫ್ಟ್‌ವೇರ್ ಉಂಟು, ಹಾಕಿ ನೋಡಿ. ಹಳದಿ ಬಣ್ಣದಲ್ಲಿ 'ಕಾಷನ್' ಅಂತ ತೋರಿಸಿದರೆ ಡಿಸ್ಕ್ ಹಾಳಾಗುತ್ತಿದೆ ಅಂತ ಅರ್ಥ. ಕಿವಿ ಕೊಟ್ಟರೆ ಟಕ್ ಟಕ್ ಕೇಳಿಸಿದರೂ ಅಷ್ಟೇ. ನೀಲಿ ಬಂದರೆ ಡಿಸ್ಕ್ ಸರಿ ಇದೆ ಅಂತ, ಆದರೂ ಸುಮ್ನೆ ಬಿಡಬೇಡಿ. ಕಂಪ್ಯೂಟರಿನಲ್ಲಿ ಎಂತೆಲ್ಲ ನಡೆಯುತ್ತಿದೆ ಅಂತ ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದು ಡಿಸ್ಕ್ ಕಾಲಮ್ ನೋಡಿ. ಅಲ್ಲಿ 100% ಅಂತ ನಿಂತೇ ಇದ್ದರೆ ಹತ್ತು ನಿಮಿಷ ಯಾಕೆ ಬೇಕು ಅಂತ ಗೊತ್ತಾಯಿತಲ್ವಾ.

ಅದಕ್ಕೆ ಮದ್ದು ಎಸ್‌ಎಸ್‌ಡಿ, ಅಂದರೆ ಚಿಪ್ಪಿನಲ್ಲೇ ಎಲ್ಲ ಉಳಿಸಿಡುವ ಹೊಸ ಬಗೆಯ ಡಿಸ್ಕ್. ಹಳೆ ಡಿಸ್ಕಿನ ಒಳಗೆ ತಟ್ಟೆ ತಿರುಗುತ್ತದೆ, ಒಂದು ಮುಳ್ಳು ಅತ್ತ ಇತ್ತ ಓಡಿ ಹುಡುಕುತ್ತದೆ. ಎಸ್‌ಎಸ್‌ಡಿಯಲ್ಲಿ ತಿರುಗುವುದು ಯಾವುದೂ ಇಲ್ಲ. ನಿಮಗೆ ಬೇಕಾದ್ದು 2.5 ಇಂಚಿನ ಸಾಟಾ (ಹಳೆ ಡಿಸ್ಕಿನ ಜಾಗಕ್ಕೇ ಕೂರುವ ಬಗೆ) ಎಸ್‌ಎಸ್‌ಡಿ, 256 ಜಿಬಿ ಧಾರಾಳ ಸಾಕು. ಪೇಟೆಯಲ್ಲಿ ಎಂ.2 ಅಂತ ಚ್ಯೂಯಿಂಗ್ ಗಮ್ ಪಟ್ಟಿಯ ಹಾಗಿನದ್ದು ಕೊಟ್ಟರೆ ತರಬೇಡಿ, ನಿಮ್ಮದಕ್ಕೆ ಅದು ಕೂರುವುದು ಅನುಮಾನ. ನನ್ನ 2012ರದ್ದಕ್ಕೆ ಎಸ್‌ಎಸ್‌ಡಿ ಹಾಕಿದ ಮೇಲೆ ಅರ್ಧ ನಿಮಿಷದಲ್ಲಿ ಆನ್ ಆಗುತ್ತದೆ. ರಾಮ್, ಅಂದರೆ ಕೆಲಸ ನಡೆಯುವಾಗ ಬಳಸುವ ಮೆಮೊರಿ, ಎರಡೇ ಜಿಬಿ ಇದ್ದರೆ ನಾಲ್ಕೋ ಎಂಟೋ ಮಾಡಿ. ಆದರೆ ಹಳೆಯದರ ಸ್ಟಿಕ್ಕರ್ ಓದದೆ ತರಬೇಡಿ. ಪಿಸಿ3ಎಲ್ ಅಂತ ಇದ್ದರೆ ಅದು 1.35 ವೋಲ್ಟಿನದ್ದು, ಬರೀ ಪಿಸಿ3 ಅಂದರೆ 1.5 ವೋಲ್ಟ್. ಎಲ್ ಬೇಡುವ ಮದರ್‌ಬೋರ್ಡಿಗೆ ಬರೀ ಪಿಸಿ3 ಹಾಕಿದರೆ ಆನ್ ಆಗುವುದಿಲ್ಲ.

ಬಿಚ್ಚುವುದು ನೀವೇ ಮಾಡಬಹುದು. ಹಂಚು ಮಾಡಿಗೆ ಏಣಿ ಹಾಕಿ ಹತ್ತಿದವರಿಗೆ ಇದೇನು ದೊಡ್ಡದಲ್ಲ. ಚಾರ್ಜರ್ ತೆಗೆಯಿರಿ, ಬ್ಯಾಟರಿ ಹೊರಗೆಳೆಯಿರಿ, ಪವರ್ ಬಟನ್ ಹದಿನೈದು ಸೆಕೆಂಡ್ ಒತ್ತಿ ಹಿಡಿಯಿರಿ. ಬ್ಯಾಟರಿ ಉಬ್ಬಿದ್ದರೆ ಮತ್ತೆ ಹಾಕಲೇಬೇಡಿ. ಒಂದು ರಟ್ಟಿನ ಮೇಲೆ ಲ್ಯಾಪ್‌ಟಾಪಿನ ತಳದ ಚಿತ್ರ ಗೀಚಿ, ತೆಗೆದ ಸ್ಕ್ರೂವನ್ನು ಅದೇ ಜಾಗಕ್ಕೆ ಚುಚ್ಚಿಡಿ. ಎಲ್ಲ ಸ್ಕ್ರೂ ಒಂದೇ ಉದ್ದ ಇರುವುದಿಲ್ಲ. ನಾನು ಒಮ್ಮೆ ಉದ್ದದ್ದನ್ನು ಗಿಡ್ಡದ ತೂತಿಗೆ ತಿರುಗಿಸಿ, ಅದು ಕೀಬೋರ್ಡಿನ ಪಕ್ಕದಲ್ಲಿ ಮೊಳಕೆಯ ಹಾಗೆ ಎದ್ದು ಬಂತು. ಈಗಲೂ ಉಂಟು, ಮಕ್ಕಳು ಬೆರಳಿಟ್ಟು ನಗುತ್ತಾರೆ. ಹಳೆ ಡಿಸ್ಕಿಗೆ ತಗಡಿನ ಚೌಕಟ್ಟು ಇರುತ್ತದೆ, ಬಿಚ್ಚಿ ಹೊಸದಕ್ಕೆ ಹಾಕಿ. ಫ್ಯಾನಿನ ಧೂಳು ಪೇಂಟ್ ಬ್ರಶ್ಶಿನಿಂದ ತೆಗೆಯಿರಿ, ಆಗ ಫ್ಯಾನ್ ತಿರುಗದ ಹಾಗೆ ಬೆರಳಲ್ಲಿ ಹಿಡಿದಿರಿ. ಪಂಕ್ಚರ್ ಅಂಗಡಿಯ ಗಾಳಿ ಮಾತ್ರ ಹೊಡೆಸಬೇಡಿ. ಆ ಟ್ಯಾಂಕಿನಲ್ಲಿ ನೀರು ನಿಂತಿರುತ್ತದೆ, ನಮ್ಮ ಮಳೆಗಾಲದಲ್ಲಿ ಕೇಳುವುದೇ ಬೇಡ.

ತಾರೀಕು ತಪ್ಪುವುದು ಒಳಗಿನ ಬಿಲ್ಲೆ ಬ್ಯಾಟರಿಯಿಂದ. ಸಿಆರ್2032 ಅಂತ ಕೇಳಿ, 3 ವೋಲ್ಟಿನದ್ದು, ವಾಚ್ ರಿಪೇರಿಯವರಲ್ಲೂ ಸಿಗುತ್ತದೆ. ಕೆಲವು ಲ್ಯಾಪ್‌ಟಾಪಿನಲ್ಲಿ ಅದಕ್ಕೆ ಎರಡು ವಯರ್ ಬೆಸೆದು ಕಪ್ಪು ಪ್ಲಾಸ್ಟಿಕ್ ಸುತ್ತಿರುತ್ತದೆ, ಹಾಗಿದ್ದರೆ ಅಂಥದ್ದೇ ತರಬೇಕು. ತಾರೀಕು ತಪ್ಪಿದ್ದರೆ ಬ್ಯಾಂಕಿನ ಸೈಟು ಸುರಕ್ಷಿತ ಅಲ್ಲ ಅಂತ ತೆರೆಯುವುದೇ ಇಲ್ಲ. ನನ್ನ ಭಾವನಿಗೆ ಪೇಟೆಯ ಒಂದು ಅಂಗಡಿಯವರು ಇದಕ್ಕೆ ಮದರ್‌ಬೋರ್ಡೇ ಹೋಗಿದೆ ಅಂದಿದ್ದರು. ಬಿಲ್ಲೆ ಬದಲಿಸಿದ ಮೇಲೆ ಸಮ ಆಯಿತು.

ಇನ್ನು ಜುಮ್ ಅನ್ನುವುದು. ನನಗೆ ಜಾಸ್ತಿ ಚಿಂತೆ ಇದರದ್ದೇ. ಚಾರ್ಜರಿನ ಪ್ಲಗ್ಗಿಗೆ ಎರಡೇ ಪಿನ್ ಇದ್ದರೆ ಸ್ವಲ್ಪ ಜುಮ್ ಸಾಮಾನ್ಯ. ಮೂರು ಪಿನ್ ಇದ್ದೂ ಹಾಗಾದರೆ ಅರ್ಥಿಂಗ್ ಇಲ್ಲ ಅಂತ ಲೆಕ್ಕ. ಚಾರ್ಜರಿನ ಒಳಗಿಂದ ಚೂರು ಕರೆಂಟು ಅರ್ಥಿನ ದಾರಿಯಲ್ಲಿ ಹೋಗಬೇಕು. ದಾರಿ ಇಲ್ಲದಾಗ ಲ್ಯಾಪ್‌ಟಾಪಿನ ಮೈಗೆ ಬರುತ್ತದೆ. ಅಷ್ಟರಿಂದ ಜೀವಕ್ಕೆ ಅಪಾಯ ಇಲ್ಲ. ಆದರೆ ಅದೇ ಅರ್ಥಿನ ನಂಬಿಕೆಯಲ್ಲಿ ನಿಮ್ಮ ಫ್ರಿಜ್ಜು, ಗ್ರೈಂಡರ್, ಪಂಪು ನಡೆಯುತ್ತಿವೆಯಲ್ಲ! ನಮ್ಮ ಮುರಕಲ್ಲಿನ ಗುಡ್ಡದಲ್ಲಿ ಅರ್ಥಿನ ಗುಂಡಿ ಮಾರ್ಚ್ ಹೊತ್ತಿಗೆ ಒಣಗಿ ಗಟ್ಟಿ ಆಗುತ್ತದೆ. ವಾರಕ್ಕೊಮ್ಮೆ ಒಂದು ಕೊಡ ನೀರು ಹೊಯ್ಯಿರಿ. ವಯರ್ ತುಂಡಾಗಿದೆಯಾ ಅಂತ ಎಲೆಕ್ಟ್ರಿಶಿಯನ್ ಹತ್ತಿರ ಅಳೆಸಿ. ಮೇನ್ ಬೋರ್ಡಿನಲ್ಲಿ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇಲ್ಲದಿದ್ದರೆ ಎಸ್‌ಎಸ್‌ಡಿಗಿಂತ ಮೊದಲು ಅದನ್ನು ಹಾಕಿಸಿ.

ವಿಂಡೋಸ್ 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಅನ್ನುವ ಭದ್ರತೆಯ ಚಿಪ್ಪು ಬೇಕು, ಪ್ರೊಸೆಸರ್ ಹೊಸದಿರಬೇಕು, ನಿಮ್ಮದಕ್ಕೆ ಆಗುವುದಿಲ್ಲ. ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಅನ್ನುವ ಪುಕ್ಕಟೆ ಆಪರೇಟಿಂಗ್ ಸಿಸ್ಟಮಿನ ಎಕ್ಸ್‌ಎಫ್‌ಸಿಇ ಎಂಬ ಹಗುರ ಆವೃತ್ತಿ ಹಾಕಿ. ಲಿನಕ್ಸ್ ಅಂದಾಗ ಹೆದರಬೇಡಿ, ಮಗಳಿಗೆ ಗೊತ್ತಿರುತ್ತದೆ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಕೈಟ್ (ಶಾಲೆಗಳ ಕಂಪ್ಯೂಟರ್ ಕೆಲಸ ನೋಡುವ ಸರ್ಕಾರಿ ಸಂಸ್ಥೆ) ನವರು ಹಾಕಿಕೊಟ್ಟದ್ದು ಅದೇ ಜಾತಿಯದ್ದು. ನಮ್ಮ ಕಾಸರಗೋಡಿನ ಕನ್ನಡ ಮೀಡಿಯಂ ಮಕ್ಕಳಿಗೆ ಈ ವಿಷಯದಲ್ಲಿ ಬೆಂಗಳೂರಿನ ಮಕ್ಕಳಿಗಿಂತ ಜಾಸ್ತಿ ಅಭ್ಯಾಸ ಉಂಟು ಅಂತ ನನ್ನ ಅಂದಾಜು. ಬೇರೊಂದು 8 ಜಿಬಿ ಪೆನ್‌ಡ್ರೈವಿಗೆ ರೂಫಸ್ ಅನ್ನುವ ಸಾಫ್ಟ್‌ವೇರಿನಿಂದ ಮಿಂಟ್ ಇಳಿಸಿದರೆ, ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವಿನಿಂದಲೇ ನಡೆಸಿ ನೋಡಬಹುದು. ವೈಫೈ ಹಿಡಿಯದಿದ್ದರೆ ಮೊಬೈಲನ್ನು ಕೇಬಲ್ ಹಾಕಿ ಯುಎಸ್‌ಬಿ ಟೆದರಿಂಗ್ (ಮೊಬೈಲಿನ ನೆಟ್ ಲ್ಯಾಪ್‌ಟಾಪಿಗೆ) ಕೊಟ್ಟು ವೈಫೈ ನಡೆಸುವ ಡ್ರೈವರ್ ಸಾಫ್ಟ್‌ವೇರ್ ಇಳಿಸಿ. ಎಕ್ಸೆಲ್ ಲೆಕ್ಕ ಮಿಂಟಿನ ಜೊತೆ ಬರುವ ಲಿಬ್ರೆಆಫೀಸಿನಲ್ಲಿ ತೆರೆಯುತ್ತದೆ.

ಕನ್ನಡಕ್ಕೆ ಕೀಬೋರ್ಡ್ ಸೆಟ್ಟಿಂಗಿನಲ್ಲಿ ಕಗಪ ಅನ್ನುವ ಕೀಲಿ ವಿನ್ಯಾಸ ಆರಿಸಿ. ನುಡಿ ಅನ್ನುವ ಕನ್ನಡ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ ಕೈಗೆ ಅದೇ ವಿನ್ಯಾಸ. ಅದರ ಮೂಲ ನಮ್ಮ ಮಂಗಳೂರಿನ ಕಡೆಯ ಕಿನ್ನಿಕಂಬಳದ ಕೆ.ಪಿ. ರಾವ್ ಅವರದ್ದು. ಆದರೆ ಹಳೆ ನುಡಿ ಫಾಂಟಿನಲ್ಲಿ ಬರೆದ ಅರ್ಜಿಗಳನ್ನು ವಿಂಡೋಸ್ ತೆಗೆಯುವ ಮೊದಲೇ ಯೂನಿಕೋಡಿಗೆ, ಅಂದರೆ ಎಲ್ಲ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುವ ಅಕ್ಷರಕ್ಕೆ, ಬದಲಿಸಿ. ಇಲ್ಲದಿದ್ದರೆ ಬರೀ ಇಂಗ್ಲಿಷ್ ಚಿಹ್ನೆಗಳ ರಾಶಿ ಕಾಣುತ್ತದೆ.

ಸಿಡಿಲಿನದ್ದು ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ತಾಮ್ರದ ಟೆಲಿಫೋನ್ ವಯರಿನ ಬ್ರಾಡ್‌ಬ್ಯಾಂಡ್ ಇದ್ದ ಕಾಲ. ಅಕ್ಟೋಬರಿನ ಒಂದು ಸಂಜೆ ಗುಡುಗಿಗೆ ನಾನು ಚಾರ್ಜರ್ ಕಿತ್ತೆ, ನೆಟ್ ಕೇಬಲ್ ಮರೆತೆ. ಮೋಡೆಮ್ಮೂ ಹೋಯಿತು, ಲ್ಯಾಪ್‌ಟಾಪಿನ ಬೋರ್ಡೂ ಹೋಯಿತು. ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿದಾಗ ಲೆಕ್ಕ ಪೂರ್ತಿ ಸಿಕ್ಕಿತು. ನಾನು ಸ್ಕ್ರೂಡ್ರೈವರ್ ಹಿಡಿದದ್ದು ಆವತ್ತಿನಿಂದ. ಈಗ ಫೈಬರ್ ಬಂದಿದೆ, ಗಾಜಿನ ಎಳೆಯಲ್ಲಿ ಸಿಡಿಲು ಬರುವುದಿಲ್ಲ. ಆದರೆ ಫೈಬರಿನ ಮೋಡೆಮ್ ಪೆಟ್ಟಿಗೆಯ ಅಡಾಪ್ಟರ್ ಕರೆಂಟಿನ ಪ್ಲಗ್ಗಿನಲ್ಲೇ ಇರುತ್ತದಲ್ವಾ. ಮೋಡ ಕಟ್ಟುವಾಗಲೇ ಅದನ್ನೂ ಕೀಳಿ, ಗುಡುಗು ತಲೆ ಮೇಲೆ ಬಂದ ಮೇಲೆ ಪ್ಲಗ್ ಮುಟ್ಟಲು ಹೋಗಬೇಡಿ.

ಪೇಟೆಗೆ ಹೋಗುವ ಮೊದಲು ಲ್ಯಾಪ್‌ಟಾಪಿನ ತಳದ್ದು ಒಂದು ಫೋಟೊ, ರಾಮ್ ಸ್ಟಿಕ್ಕರಿನದ್ದು ಒಂದು ಫೋಟೊ ಇಲ್ಲಿ ಹಾಕಿ. ಯಾವ ಮುಚ್ಚಳ ತೆಗೆಯುವುದು, ಯಾವ ರಾಮ್ ತರುವುದು ಅಂತ ನೋಡಿ ಹೇಳುತ್ತೇನೆ. ನಾಳೆ ಸಂಜೆ ಹಾಲು ಕೊಟ್ಟು ಬಂದ ಮೇಲೆ ಫ್ರೀ ಇದ್ದೇನೆ.