ಕಪ್ಪು ಗಂಡಸರ ಮೈಕಟ್ಟನ್ನು ಹೊಗಳಿದರೆ ಅದರಲ್ಲಿ ತಪ್ಪೇನಿದೆ?

ತಪ್ಪು ಏನಂದ್ರೆ, ಆ ಹೊಗಳಿಕೆಯೂ ಅವರ ಬಗ್ಗೆ ಇರುವ ಭಯವೂ ಒಂದೇ ಬೇರಿನವು: ಮನುಷ್ಯನನ್ನು ಬಿಟ್ಟು ಮೈಯನ್ನಷ್ಟೇ ನೋಡುವುದು.

ಅಮೆರಿಕದ ಗುಲಾಮರ ಹರಾಜಿನಲ್ಲಿ ಗಂಡಸರ ಬಟ್ಟೆ ಬಿಚ್ಚಿಸಿ, ಹಲ್ಲು, ತೋಳು, ಬೆನ್ನು ಮುಟ್ಟಿ ನೋಡಿ ಬೆಲೆ ಕಟ್ಟುತ್ತಿದ್ದರು, ಥೇಟ್ ದನದ ಸಂತೆ. 1865ರಲ್ಲಿ ಗುಲಾಮಗಿರಿ ಹೋಯಿತು. ಇನ್ನು ಮಾರಲಾಗದ ಅದೇ ಮೈಯನ್ನು ಹದ್ದುಬಸ್ತಿನಲ್ಲಿಡಬೇಕಿತ್ತಲ್ಲ, ಆಗ 'ಇವರಿಗೆ ಕಾಮ ಜಾಸ್ತಿ, ಬಿಳಿ ಹೆಂಗಸರಿಗೆ ಅಪಾಯ' ಅನ್ನುವ ಕಥೆ ಬಲವಾಯಿತು. ಕಪ್ಪು ಜನರನ್ನು ಬಿಳಿಯರ ಗುಂಪುಗಳು ಹಿಡಿದು ಕೊಲ್ಲುವುದಕ್ಕೆ ಇದು ಬರೀ ನೆಪ ಅಂತ ಪತ್ರಕರ್ತೆ ಐಡಾ ಬಿ. ವೆಲ್ಸ್ 1892ರಲ್ಲೇ ಬರೆದರು. ಆದರೂ 1955ರಲ್ಲಿ, ಬಿಳಿ ಹೆಂಗಸಿನ ಜೊತೆ ಸಲಿಗೆಯಿಂದ ನಡೆದುಕೊಂಡ ಅನ್ನುವ ಆರೋಪದ ಮೇಲೆ ಮಿಸಿಸಿಪ್ಪಿಯಲ್ಲಿ ಎಮೆಟ್ ಟಿಲ್‌ನನ್ನು ಕೊಂದರು. ಅವನಿಗೆ 14 ವರ್ಷ ಕಣ್ರೀ! ಕೋರ್ಟುಗಳೂ ಕಮ್ಮಿಯಿರಲಿಲ್ಲ. 1930ರಿಂದ 1964ರವರೆಗೆ ಅಮೆರಿಕದಲ್ಲಿ ಅತ್ಯಾಚಾರಕ್ಕೆ ಮರಣದಂಡನೆಯಾದ 455 ಜನರಲ್ಲಿ 405 ಮಂದಿ ಕಪ್ಪು ಗಂಡಸರು.

ಇದು ಮುಗಿದ ಕಥೆಯಲ್ಲ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಒಂದೇ ಎತ್ತರ, ತೂಕದ ಗಂಡಸರಲ್ಲಿ ಕಪ್ಪು ಬಣ್ಣದವರೇ ದೊಡ್ಡವರು, ಹೆಚ್ಚು ಅಪಾಯಕಾರಿ ಅಂತ ನೋಡುಗರಿಗೆ ಅನ್ನಿಸಿತ್ತು. ಪೊಲೀಸರ ಮುಂದೆ ಇದು ಜೀವದ ಪ್ರಶ್ನೆ. ಡೇಟಿಂಗ್ ಆ್ಯಪ್‌ನಲ್ಲಿ ಸುಮ್ನೆ ಹೊಗಳಿಕೆ ಥರ ಕಾಣುತ್ತದೆ. ಆದರೆ ಲೈಂಗಿಕ ದೌರ್ಜನ್ಯ ಅನುಭವಿಸಿದ ಕಪ್ಪು ಹುಡುಗ ಬಾಯಿಬಿಟ್ಟರೆ, 'ಕಾಮ ಜಾಸ್ತಿ' ಅನ್ನುವ ಅದೇ ಕಥೆಯಿಂದಾಗಿ ನಂಬುವವರು ಕಮ್ಮಿ.