ನನ್ನ ಹತ್ರ ಸರಿ ಇದ್ದ ಫಾರ್ಮುಲಾ ಅವರ ಹತ್ರ ಯಾಕೆ ಕೈಕೊಡ್ತು?

ಪ್ರಶ್ನೆ: ಸಂಬಳದ ಲೆಕ್ಕಕ್ಕೆ ಒಂದು ಶೀಟ್ ಮಾಡಿದೀನಿ, ಎಲ್ಲಾ ಎಕ್ಸ್‌ಲುಕಪ್ (XLOOKUP, ಪಟ್ಟಿಲಿ ಹುಡುಕಿ ಅದರ ಪಕ್ಕದ ಮಾಹಿತಿ ತರೋ ಫಂಕ್ಷನ್) ಮೇಲೇ ನಿಂತಿದೆ. ಸಹೋದ್ಯೋಗಿ ಅದನ್ನ ಎಕ್ಸೆಲ್ 2016ರಲ್ಲಿ ಓಪನ್ ಮಾಡಿದಾಗ ನಂಬರ್ ಎಲ್ಲಾ ಸರಿಯಾಗೇ ಕಾಣಿಸ್ತು, ಆದ್ರೆ ಉದ್ಯೋಗಿಗಳ ಪಟ್ಟಿಗೆ ಒಂದು ಹೊಸ ಸಾಲು ಸೇರಿಸಿದ ತಕ್ಷಣ ಹೆಸರಿನ ಕಾಲಂ ತುಂಬಾ #ನೇಮ್? (#NAME?) ಅಂತ ಬಂತು. ಭತ್ಯೆ ಕಾಲಂನಲ್ಲಿ ಮಾತ್ರ ಯಾವ ಎರರೂ ಇಲ್ಲ, ಒಟ್ಟು ಮೊತ್ತ ಸುಮ್ನೆ ಕಮ್ಮಿ ಆಗಿದೆ. ಯಾಕೆ ಹೀಗೆ?

ಉತ್ತರ: ಎಕ್ಸ್‌ಲುಕಪ್ ಇರೋದು ಎಕ್ಸೆಲ್ 2021, ಅದರ ನಂತರದ್ದು ಮತ್ತೆ 365ರಲ್ಲಿ. 2016, 2019 ಎರಡರಲ್ಲೂ ಇಲ್ಲ. ಹಾಗಾದ್ರೆ ಓಪನ್ ಮಾಡಿದಾಗ ನಂಬರ್ ಹೇಗೆ ಬಂತು ಅಂದ್ರೆ, ಫೈಲ್ ಒಳಗೆ ಫಾರ್ಮುಲಾ ಜೊತೆ ನೀವು ಕೊನೇಸಲ ಸೇವ್ ಮಾಡಿದಾಗಿನ ಉತ್ತರಾನೂ ಕೂತಿರತ್ತೆ, ಹಳೇ ಎಕ್ಸೆಲ್ ಲೆಕ್ಕ ಹಾಕದೆ ಅದನ್ನೇ ತೋರಿಸತ್ತೆ. ಪಟ್ಟಿ ಮುಟ್ಟಿದ್ರೆ ಮತ್ತೆ ಲೆಕ್ಕ ಹಾಕಲೇಬೇಕಲ್ಲ, ಆಗ ಫಂಕ್ಷನ್ ಹೆಸರೇ ಗೊತ್ತಿಲ್ಲ ಅಂತ #ನೇಮ್? ಕೊಡತ್ತೆ. ಅವರ ಹತ್ರ ಆ ಸೆಲ್ ಮೇಲೆ ಕ್ಲಿಕ್ ಮಾಡಿ ಫಾರ್ಮುಲಾ ಬಾರ್ ನೋಡೋಕೆ ಹೇಳಿ, ಫಂಕ್ಷನ್ ಹೆಸರಿನ ಶುರುವಲ್ಲೇ _ಎಕ್ಸ್‌ಎಲ್‌ಎಫ್‌ಎನ್ (_xlfn) ಅಂತ ಅಂಟ್ಕೊಂಡಿರತ್ತೆ. ಅದು ಕಂಡ್ರೆ ವರ್ಷನ್ ತೊಂದರೆ ಅಂತಾನೇ ಅರ್ಥ, ನಿಮ್ಮ ಟೈಪಿಂಗ್ ತಪ್ಪಲ್ಲ.

ಆದ್ರೆ ನನಗೆ ನಿಜಕ್ಕೂ ಭಯ ಆಗಿದ್ದು ಆ ಭತ್ಯೆ ಕಾಲಂ ನೋಡಿ. ಅಲ್ಲಿ ನೀವು ಇಫ್‌ಎರರ್ (IFERROR, ಎರರ್ ಬಂದ್ರೆ ಅದರ ಬದಲಿಗೆ ನಾವು ಹೇಳಿದ್ದನ್ನ ತೋರಿಸೋ ಫಂಕ್ಷನ್) ಹಾಕಿ ಕೊನೇಲಿ ಸೊನ್ನೆ ಕೊಟ್ಟಿರ್ತೀರಿ. ಪಟ್ಟಿಲಿ ಹೆಸರು ಸಿಗದೇ ಇದ್ರೆ ಸೊನ್ನೆ ಬರಲಿ ಅಂತ ನಿಮ್ಮ ಲೆಕ್ಕ, ಆದ್ರೆ ಇಫ್‌ಎರರ್ ಎಲ್ಲಾ ಥರದ ಎರರನ್ನೂ ನುಂಗತ್ತೆ, #ನೇಮ್? ಕೂಡ, ಹಾಗಾಗಿ ಭತ್ಯೆ ಇರೋರಿಗೂ ಸೊನ್ನೆ ಬಂದು ಯಾರಿಗೂ ಗೊತ್ತೇ ಆಗಲ್ಲ. ದಯವಿಟ್ಟು ಅದನ್ನ ತೆಗೆದು ಇಫ್‌ಎನ್‌ಎ (IFNA) ಹಾಕಿ. ಅದು ಹುಡುಕಿದ್ದು ಸಿಗಲಿಲ್ಲ ಅನ್ನೋ ಎರರ್ ಒಂದನ್ನೇ ಹಿಡಿಯತ್ತೆ, ಬೇರೆದು ಕಣ್ಣಿಗೆ ಬೀಳತ್ತೆ. 2013ರಿಂದ ಇದೆ, 2016ರಲ್ಲೂ ನಡಿಯತ್ತೆ.

ಎಕ್ಸ್‌ಲುಕಪ್ ಬದಲಿಗೆ ಎಲ್ಲಾ ವರ್ಷನ್‌ನಲ್ಲೂ ಓಡೋದು ಇದು. ಮ್ಯಾಚ್ (MATCH) ಎಷ್ಟನೇ ಸಾಲು ಅಂತ ಹುಡುಕತ್ತೆ, ಇಂಡೆಕ್ಸ್ (INDEX) ಆ ಸಾಲಿನ ಮಾಹಿತಿ ತರತ್ತೆ, ‘ಪಟ್ಟಿ’ ಅನ್ನೋದು ಶೀಟಿನ ಹೆಸರು. ಫಂಕ್ಷನ್ ಹೆಸರು, ಕಾಲಂ ಅಕ್ಷರ ಇಂಗ್ಲಿಷಲ್ಲೇ ಟೈಪ್ ಮಾಡಿ:

=ಇಂಡೆಕ್ಸ್(ಪಟ್ಟಿ!ಸಿ2:ಸಿ500, ಮ್ಯಾಚ್(ಎ2, ಪಟ್ಟಿ!ಎ2:ಎ500, 0))

ಫಾರ್ಮುಲಾನ ಕೆಳಗೆ ಎಳೆಯೋ ಮುಂಚೆ ಎರಡೂ ಪಟ್ಟಿಗೆ ಡಾಲರ್ ಗುರುತು ಹಾಕಿ ($C$2:$C$500 ಥರ), ಇಲ್ಲಾಂದ್ರೆ ಪಟ್ಟಿನೂ ಕೆಳಗೆ ಜರುಗತ್ತೆ. ಮ್ಯಾಚ್ ಒಳಗಿನ ಆ ಕೊನೇ ಸೊನ್ನೆ ಮಾತ್ರ ಮರೀಬೇಡಿ. ಎಕ್ಸ್‌ಲುಕಪ್ ತಾನಾಗೇ ನಿಖರವಾಗಿ ಹೊಂದೋದನ್ನ ಹುಡುಕತ್ತೆ, ಮ್ಯಾಚ್‌ಗೆ ಹೇಳ್ಬೇಕು, ಸೊನ್ನೆ ಬಿಟ್ರೆ ಅದು ಹತ್ತಿರದ್ದನ್ನ ಹಿಡಿಯೋಕೆ ಹೋಗತ್ತೆ, ಪಟ್ಟಿ ಕ್ರಮವಾಗಿ ಇಲ್ದಿದ್ರೆ ಯಾರದ್ದೋ ಭತ್ಯೆ ಇನ್ಯಾರಿಗೋ ಹೋಗತ್ತೆ. ಎಕ್ಸೆಲ್ ಬದಲಿಗೆ ಲಿಬ್ರೆಆಫೀಸ್ ಬಳಸೋರು ಇದ್ರೆ, ಅದರಲ್ಲಿ ಎಕ್ಸ್‌ಲುಕಪ್ ಬಂದಿದ್ದು 24.8 ವರ್ಷನ್‌ನಲ್ಲಿ.

ಪ್ರಶ್ನೆ: ಸ್ನೇಹಿತರು ಮೆಸೇಜಲ್ಲಿ ಕಳಿಸಿದ ಫಾರ್ಮುಲಾ ಪೇಸ್ಟ್ ಮಾಡಿದ್ರೆ ತಗೊಳ್ಳೋದೇ ಇಲ್ಲ, ಅದೇ ಫೈಲ್ ಕಳಿಸಿದ್ರೆ ಸರಿಯಾಗಿ ಬರತ್ತೆ!

ಉತ್ತರ: ಫಾರ್ಮುಲಾ ಒಳಗಿನ ಭಾಗಗಳ ನಡುವೆ ಇರೋ ಗುರುತು ನೋಡಿ. ಕೆಲವು ಕಂಪ್ಯೂಟರಲ್ಲಿ ಅಲ್ಪವಿರಾಮ, ಕೆಲವದರಲ್ಲಿ ಅರ್ಧವಿರಾಮ ಬೇಕು, ಅದು ಸಿಸ್ಟಮ್‌ನ ರೀಜನ್ ಸೆಟ್ಟಿಂಗ್ ಮೇಲೆ ಹೋಗತ್ತೆ. ಫೈಲ್ ಆದ್ರೆ ಎಕ್ಸೆಲ್ ತಾನೇ ಬದಲಾಯಿಸ್ಕೊಳ್ಳತ್ತೆ, ಮೆಸೇಜಲ್ಲಿ ಬಂದಿದ್ದನ್ನ ನೀವೇ ತಿದ್ದಬೇಕು.

ಪ್ರಶ್ನೆ: ಹಳೇ ಮ್ಯಾಕ್ ಫೈಲಿಂದ ಕಾಪಿ ಮಾಡಿದ ತಾರೀಕೆಲ್ಲಾ 4 ವರ್ಷ 1 ದಿನ ಹಿಂದಕ್ಕೆ ಹೋಗಿದೆ.

ಉತ್ತರ: ಹಳೇ ಮ್ಯಾಕ್ ಎಕ್ಸೆಲ್ ದಿನಗಳನ್ನ 1904ರಿಂದ ಎಣಿಸ್ತಿತ್ತು, ವಿಂಡೋಸ್‌ದು 1900ರಿಂದ, ಎರಡರ ನಡುವೆ 1462 ದಿನ ವ್ಯತ್ಯಾಸ. ಸೆಟ್ಟಿಂಗ್‌ನಲ್ಲಿ 1904 ಅಂತ ಟಿಕ್ ಮಾಡೋಕೆ ಹೋಗ್ಬೇಡಿ, ಆ ಫೈಲಲ್ಲಿ ಸರಿ ಇದ್ದ ತಾರೀಕೂ ಜರುಗಿಬಿಡತ್ತೆ. ಖಾಲಿ ಸೆಲ್‌ನಲ್ಲಿ 1462 ಬರೆದು ಕಾಪಿ ಮಾಡಿ, ತಪ್ಪಿರೋ ತಾರೀಕುಗಳನ್ನ ಮಾತ್ರ ಆರಿಸಿ, ಪೇಸ್ಟ್ ಸ್ಪೆಷಲ್‌ನಲ್ಲಿ ವ್ಯಾಲ್ಯೂಸ್ ಮತ್ತೆ ಆಡ್ ಎರಡನ್ನೂ ಆರಿಸಿ ಓಕೆ ಒತ್ತಿ. ಮೊದ್ಲು ಒಂದೇ ಒಂದು ತಾರೀಕಿನ ಮೇಲೆ ಮಾಡಿ ನೋಡಿ, ಸರಿ ಬಂತು ಅಂದ್ರೆ ಉಳಿದಿದ್ದಕ್ಕೆ ಕೈ ಹಾಕಿ.